ಕೊನೆಯ ಅಕ್ಷರ ದಾಟುವ ಮುನ್ನ

೨೦೦೧ರಲ್ಲಿ ನಾನು ಬಸವನ ಬಾಗೇವಾಡಿಯಲ್ಲಿದ್ದೆ. ಕಾಲುವೆ ನೀರಿನ ಮಟ್ಟ ಅಳೆಯುವ ಯಂತ್ರ ಕೂರಿಸುವ ಸಣ್ಣ ಕಂಪನಿಯೊಂದರ ಇಂಜಿನಿಯರ್. ನಿಡಗುಂದಿ ಕಡೆಯ ಒಂದು ಗೇಟಿನ ಬಳಿ ನಮ್ಮ ಪೆಟ್ಟಿಗೆಯಿತ್ತು. ಅಲ್ಲಿಂದ ಎಂಟುನೂರು ಮೀಟರ್ ದೂರದ ನೀರಾವರಿ ಕಚೇರಿಯ ಕಂಪ್ಯೂಟರಿಗೆ ಒಂದೇ ಜೋಡಿ ತಂತಿ. ಕಂಪ್ಯೂಟರ್ ಕೇಳುವಾಗ ಪೆಟ್ಟಿಗೆ ಸುಮ್ಮನಿರಬೇಕು, ಪೆಟ್ಟಿಗೆ ಉತ್ತರಿಸುವಾಗ ಕಂಪ್ಯೂಟರ್. ಇದಕ್ಕೆ ಹಾಫ್ ಡೂಪ್ಲೆಕ್ಸ್ ಎನ್ನುತ್ತಾರೆ. ತಂತಿಯನ್ನು ಯಾವಾಗ ಹಿಡಿಯಬೇಕು, ಯಾವಾಗ ಬಿಡಬೇಕು ಎಂಬ ಪ್ರೋಗ್ರಾಂ ಬರೆದವನು ನಾನೇ. ಅದರ ಜಂಬವೂ ಇತ್ತು.

ತಿಂಗಳೊಳಗೆ ಕಚೇರಿಯ ಸಾಹೇಬರು ಕರೆಸಿದರು. ಗೇಟ್ ಕಾಯುವ ಸಂಗಪ್ಪ ಗೋಡೆಯ ಅಳತೆಪಟ್ಟಿ ನೋಡಿ ತಾಸಿಗೊಮ್ಮೆ ಬರೆಯುತ್ತಿದ್ದ ಮಟ್ಟಕ್ಕೂ ಕಂಪ್ಯೂಟರ್ ತೋರಿಸುವುದಕ್ಕೂ ತಾಳೆಯೇ ಇಲ್ಲ.

"ಮನ್ಯಾಗ ಕುಂತು ಬರೀತಾನ್ರಿ ಇಂವ. ಸೋಮವಾರ ಕೆಲಸದಿಂದ ತಗೀತೇನಿ," ಎಂದರು.

ಸಂಗಪ್ಪನದು ಇಪ್ಪತ್ತು ವರ್ಷದ ದಿನಗೂಲಿ ಕೆಲಸ. ಬಾಗಿಲಲ್ಲಿ ನಿಂತಿದ್ದವನು "ಸಾಹೇಬ್ರ, ನಾ ಕಣ್ಣಲೆ ನೋಡೇ..." ಎನ್ನುವಷ್ಟರಲ್ಲಿ ನಾನು ನಡುವೆ ಬಾಯಿ ಹಾಕಿದೆ: "ಕಂಪ್ಯೂಟರ್ ಸುಳ್ಳು ಹೇಳಂಗಿಲ್ರಿ."

ಹೇಳಿದ್ದೇನೋ ಹೇಳಿದೆ, ಮನಸ್ಸು ತಡೆಯಲಿಲ್ಲ. ಗೇಟಿಗೆ ಹೋಗಿ ಪೆಟ್ಟಿಗೆ ತೆರೆದು, ಮಟ್ಟ ತೋರಿಸುವ ಒಳಗಿನ ಡಿಸ್‌ಪ್ಲೇ ಹಚ್ಚಿದೆ. ಗುಂಡಿ ಒತ್ತಿ ಮಾತಾಡುವ ವೈರ್‌ಲೆಸ್ ಸೆಟ್ಟಿನಲ್ಲಿ ಕಚೇರಿಯನ್ನು ಕೇಳಿದರೆ ಅಂಕಿ ಸರಿಯಾಗಿಯೇ ಬರುತ್ತಿತ್ತು. ಡಿಸ್‌ಪ್ಲೇ ಆರಿಸಿ ಬಾಗಿಲು ಮುಚ್ಚಿದೆ. ಕಂಪ್ಯೂಟರಿನಲ್ಲಿ ಹಳೆಯ ಅಂಕಿಯೇ ನಿಂತುಬಿಟ್ಟಿತು. ಮತ್ತೆ ಹಚ್ಚಿದರೆ ಸರಿ! ತಂತಿ ಬದಲಿಸಿದೆ, ಚಿಪ್ ಬದಲಿಸಿದೆ. ಎರಡು ದಿನ ತಲೆ ಗಿರ್ರೆಂದಿತು. ಪೆಟ್ಟಿಗೆಗೆ ದೆವ್ವ ಹೊಕ್ಕಿದೆಯೇ ಎಂದೂ ಅನಿಸಿತು, ಓದಿದವನಾದರೂ.

ಶನಿವಾರ ಮಧ್ಯಾಹ್ನ ಸಂಗಪ್ಪ ಬುತ್ತಿ ಬಿಚ್ಚಿ ನನಗೂ ರೊಟ್ಟಿ ಕೊಟ್ಟ. ಅವನ ಅನ್ನಕ್ಕೆ ಕಲ್ಲು ಹಾಕಿದವನು ನಾನು. ರೊಟ್ಟಿ ಹಿಡಿದೇ ವೈರ್‌ಲೆಸ್‌ನಲ್ಲಿ ಮಟ್ಟ ಹೇಳಿದೆ. ಆ ಕಡೆಯವರಿಗೆ ಕೊನೆಯ ಅಂಕಿ ಕೇಳಲಿಲ್ಲ. ಮೂರು ಸಲ ಹೇಳಿದರೂ ಅಷ್ಟೇ. ಸಂಗಪ್ಪ ಸೆಟ್ಟನ್ನು ತಾನೇ ತೆಗೆದುಕೊಂಡ.

"ಮಾತು ಇನ್ನೂ ಬಾಯಾಗ ಇರೂ ಮುಂದನ ಗುಂಡಿ ಬಿಡಾಕತ್ತೀರಲ್ರಿ. ಮುಗದ ಮ್ಯಾಲೆ ಒಂದು ಉಸರ ತಡದು ಬಿಡ್ರಿ."

ಕೈಯಲ್ಲಿದ್ದ ರೊಟ್ಟಿ ಕೈಯಲ್ಲೇ ಉಳಿಯಿತು. ನನ್ನ ಪೆಟ್ಟಿಗೆ ಮಾಡುತ್ತಿದ್ದುದೂ ಇದನ್ನೇ. ಕಳಿಸಬೇಕಾದ ಅಕ್ಷರಗಳನ್ನಿಡುವ ಬಫರ್ ಖಾಲಿ ಎಂದು ಚಿಪ್ ತಿಳಿಸಿದೊಡನೆ ನನ್ನ ಪ್ರೋಗ್ರಾಂ ತಂತಿಯನ್ನು ಬಿಟ್ಟುಬಿಡುತ್ತಿತ್ತು. ಆದರೆ ಬಫರ್ ಬಿಟ್ಟ ಕೊನೆಯ ಅಕ್ಷರ ಆಗಿನ್ನೂ ತಂತಿಗೆ ಇಳಿಯುತ್ತಿರುತ್ತದೆ. ಅದಕ್ಕೆ ಸುಮಾರು ಒಂದು ಮಿಲಿಸೆಕೆಂಡ್ ಬೇಕು. ಅದು ತುಂಡಾದಾಗ ಕಂಪ್ಯೂಟರ್ ಇಡೀ ಉತ್ತರವನ್ನೇ ಎಸೆದು ಹಳೆಯ ಅಂಕಿ ತೋರಿಸುತ್ತಿತ್ತು. ಡಿಸ್‌ಪ್ಲೇ ಹಚ್ಚಿದ್ದರೆ ಅದಕ್ಕೆ ಬರೆಯುವುದರಲ್ಲಿ ಪ್ರೋಗ್ರಾಂ ಕೊಂಚ ತಡವಾಗಿ, ಅಕ್ಷರ ಪಾರಾಗುತ್ತಿತ್ತು. ಬಾಗೇವಾಡಿಗೆ ಓಡಿದೆ. ಕೊನೆಯ ಅಕ್ಷರ ಪೂರ್ತಿ ಹೋಯಿತೇ ಎಂದು ಕೇಳುವ ಒಂದೇ ಒಂದು ಸಾಲನ್ನು ಪ್ರೋಗ್ರಾಂಗೆ ಸೇರಿಸಿ, ಅದನ್ನು ತುಂಬಿದ ಹೊಸ ಚಿಪ್ಪನ್ನು ಭಾನುವಾರ ಕೂರಿಸಿದೆ. ಬಾಗಿಲು ಮುಚ್ಚಿದ ಮೇಲೂ ಅಂಕಿ ಸರಿಯಾಗಿ ಬಂತು, ಸಂಗಪ್ಪನ ರಿಜಿಸ್ಟರಿನಂತೆಯೇ.

ಸೋಮವಾರ, ತಪ್ಪು ನನ್ನದೆಂದು ಬರೆದುಕೊಟ್ಟೆ. ಸಂಗಪ್ಪನ ಕೆಲಸ ಉಳಿಯಿತು. ಸಾಹೇಬರು ಅವನ ಮೇಲೆಯೇ ರೇಗಿದರು: "ಮೊದಲ ಹೇಳಾಕ ಏನಾಗಿತ್ತೋ ನಿನಗ?"

"ಹೇಳಾಕ ಬಾಯಿ ತಗದಿದ್ನಿರಿ," ಎಂದು ಸಂಗಪ್ಪ ನನ್ನ ಕಡೆ ನೋಡಿದ. "ಮುಗಸಾಕ ಬಿಡ್ಲಿಲ್ರಿ."

ಮುಂದೆ ಇಂಡಿ, ಸಿಂದಗಿ, ಮುದ್ದೇಬಿಹಾಳ ಎಲ್ಲಿಗೆ ಹೋದರೂ ಪೆಟ್ಟಿಗೆ ತೆರೆಯುವ ಮೊದಲು ಅಲ್ಲಿನ ಗೇಟ್ ಕಾಯುವವನ ಮಾತು ಮುಗಿಯುವವರೆಗೆ ಕಾಯುತ್ತಿದ್ದೆ. ಮುಗಿದ ಮೇಲೂ ಒಂದು ಉಸಿರು ಹೆಚ್ಚು.