ನೂರು ಸುತ್ತಿನ ಎರಡು ಸುರುಳಿಗಳು

೧೯೮೧ರಲ್ಲಿ ನಾನು ಭೌತಶಾಸ್ತ್ರದ ಎಂ.ಎಸ್ಸಿ. ಕೊನೆಯ ವರ್ಷದಲ್ಲಿದ್ದೆ. ನಂಜನಗೂಡಿನ ಮನೆಯಿಂದ ಮೈಸೂರಿಗೆ ದಿನವೂ ರೈಲಿನಲ್ಲಿ ಓಡಾಟ. ಒಂದು ತಂತಿಯ ಸುರುಳಿಯಲ್ಲಿ ವಿದ್ಯುತ್ತು ಏರಿಳಿದರೆ, ಅದನ್ನು ಮುಟ್ಟದೆ ಪಕ್ಕದಲ್ಲಿರುವ ಇನ್ನೊಂದು ಸುರುಳಿಯಲ್ಲೂ ವೋಲ್ಟೇಜ್ ಹುಟ್ಟುತ್ತದೆ. ಅದು ಎಷ್ಟೆಂದು ತಿಳಿಸುವ ಮ್ಯೂಚುಯಲ್ ಇಂಡಕ್ಟೆನ್ಸನ್ನು ಕಾಗದದ ಮೇಲೆ ಲೆಕ್ಕ ಹಾಕಿ, ಆಮೇಲೆ ಅಳೆದು ತಾಳೆ ನೋಡುವುದು ನನ್ನ ಪ್ರಾಜೆಕ್ಟ್.

ಸುರುಳಿಗಳನ್ನು ಸುತ್ತಿಕೊಟ್ಟವರು ತಿ. ನರಸೀಪುರದಲ್ಲಿ ಪಂಪ್‌ಸೆಟ್ ಮೋಟಾರುಗಳಿಗೆ ವೈಂಡಿಂಗ್ ಮಾಡುತ್ತಿದ್ದ ಮಾದಯ್ಯನವರು. ಚಿಕ್ಕಪ್ಪನಿಗೆ ಪರಿಚಯ. ಎರಡು ಮರದ ಬಳೆಗಳನ್ನು ಕೊಟ್ಟು, ಒಂದೊಂದಕ್ಕೂ ನೂರು ಸುತ್ತು ಎಂದು ಚೀಟಿ ಬರೆದುಕೊಟ್ಟಿದ್ದೆ.

ಅಳತೆ ಪ್ರತಿ ಸಲವೂ ಲೆಕ್ಕಕ್ಕಿಂತ ಸುಮಾರು ಐದನೇ ಒಂದು ಪಾಲು ಹೆಚ್ಚು ಬಂತು. ಲಾಗರಿದಮ್ ಪುಸ್ತಕ ಹಿಡಿದು ಮೂರು ವಾರ ತಪ್ಪು ಹುಡುಕಿದೆ. ಸಿಗಲಿಲ್ಲ. ವರದಿ ಒಪ್ಪಿಸಲು ಎರಡೇ ದಿನ ಉಳಿದಿದ್ದವು.

"ಲೆಕ್ಕಕ್ಕೆ ಸರಿಯಾಗಿ ರೀಡಿಂಗ್ ಬರ್ಕೊಂಡ್ಬಿಡೇ. ಸತ್ಯದ ಗುತ್ತಿಗೆ ನಿಂಗೊಬ್ಳಿಗೇ ಕೊಟ್ಟಿದಾರಾ?" ಎಂದು ಗೆಳತಿ ವಸಂತಾ ಛೇಡಿಸಿದಳು.

ಆ ಸಂಜೆ ವರದಿಯ ಪ್ರತಿಯಲ್ಲಿ ನಾನು ಪೆನ್ಸಿಲಿನಿಂದ ಸುಳ್ಳು ಅಂಕಿಗಳನ್ನು ಬರೆದೇಬಿಟ್ಟೆ.

ಮರುದಿನ ಮನಸ್ಸು ತಡೆಯಲಿಲ್ಲ. ಅದೇ ಪ್ರತಿ ಹಿಡಿದು ನರಸೀಪುರದ ಬಸ್ಸು ಹತ್ತಿದೆ. ಮಾದಯ್ಯನವರು ಸುಟ್ಟ ಮೋಟಾರೊಂದರ ತಂತಿ ಬಿಚ್ಚುತ್ತಿದ್ದರು.

"ಸುತ್ತು ಸರಿಯಾಗಿ ನೂರೇ ಇದೆಯಾ?" ಎಂದು ಸಂಕೋಚದಿಂದ ಕೇಳಿದೆ.

ಅವರ ಮುಖ ಸಪ್ಪಗಾಯಿತು. "ಕಮ್ಮಿ ಸುತ್ತಿವ್ನಿ ಅಂತೀರಾ ಅವ್ವಾ? ನೂರರ ಮ್ಯಾಲೆ ಅತ್ತತ್ತು ಸುತ್ತು ಕೊಸರು ಆಕಿವ್ನಿ ಕಣವ್ವ! ಓದೋ ಮಗೀಗೆ ಕಮ್ಮಿ ಆಗ್ಬಾರ್ದು ಅಂತ."

ಸಂತೆಯಲ್ಲಿ ಕಾಳು ಅಳೆದ ಮೇಲೆ ಇನ್ನೊಂದು ಹಿಡಿ ಹಾಕುವಂತೆ ಅವರು ನನಗೆ ತಂತಿ ಹಾಕಿದ್ದರು!

"ಮೋಟಾರಿಗೂ ಕೊಸರು ಹಾಕ್ತೀರಾ?" ಎಂದೆ.

"ಅದ್ರಲ್ಲಿ ಎಲ್ಲಿ ಇಡುಸ್ತದೆ? ನಿಮ್ ಬಳೇಲಿ ಜಾಗ ಇತ್ತು," ಎಂದು ನಕ್ಕರು.

ಅಲ್ಲೇ ಬೆಂಚಿನ ಮೇಲೆ ಕುಳಿತು, ಎರಡು ಸುರುಳಿಗಳಿಗೂ ನೂರರ ಬದಲು ನೂರಹತ್ತು ಹಾಕಿ, ಒಂದರಿಂದ ಇನ್ನೊಂದನ್ನು ಗುಣಿಸಿದೆ. ಲೆಕ್ಕವೂ ಅಳತೆಯೂ ಕೂಡಿಕೊಂಡವು. ಪೆನ್ಸಿಲಿನ ಅಂಕಿಗಳನ್ನು ಉಜ್ಜಿ ಅಳಿಸುವಾಗ ಕಣ್ಣು ತುಂಬಿ ಬಂತು.

ಮಾದಯ್ಯನವರು ಗಾಬರಿಯಾದರು. "ತಪ್ಪಾಯ್ತಾ ಅವ್ವಾ? ಬಿಚ್ಚಾಕ್ಲಾ?"

"ಬೇಡಿ. ಹೀಗೇ ಇರಲಿ."

ವರದಿಯ ಕೃತಜ್ಞತೆಯ ಪುಟದಲ್ಲಿ ಗುರುಗಳ ಹೆಸರಿನ ಕೆಳಗೆ ಅವರ ಹೆಸರನ್ನೂ ಬರೆದೆ. ಯಾರೆಂದು ಕೇಳಿದವರಿಗೆ, ಸುರುಳಿ ಸುತ್ತಿಕೊಟ್ಟವರು ಎಂದಷ್ಟೇ ಹೇಳಿದೆ. ಅವರ ಒಂದು ಮಾತು ನನ್ನನ್ನು ಎಂಥ ತಪ್ಪಿನಿಂದ ಉಳಿಸಿತೆಂದು ಅವರಿಗೇ ಹೇಳಬೇಕಿತ್ತು. ಹೇಳಿದ್ದರೆ ಆ ತಪ್ಪನ್ನೂ ಒಪ್ಪಿಕೊಳ್ಳಬೇಕಾಗುತ್ತಿತ್ತು, ಧೈರ್ಯ ಸಾಲಲಿಲ್ಲ. ಇಷ್ಟು ವರ್ಷಗಳ ಮೇಲೆ ಇಲ್ಲಿ ಒಪ್ಪಿಕೊಂಡಿದ್ದೇನೆ.