ಸೊಟ್ಟ ದಾರಿಯ ಸುಣ್ಣದಜ್ಜ

ಯುದ್ಧ ಸ್ಮಾರಕದ ಮ್ಯೂಸಿಯಂನಲ್ಲಿ ಸುಣ್ಣದಜ್ಜ ಎಂದರೆ ಎಲ್ಲರಿಗೂ ಗೊತ್ತು. ನಿಜವಾದ ಹೆಸರೇನೆಂದು ಕೇಳಿದರೆ ಟಿಕೆಟ್ ಕೌಂಟರಿನವನೂ ತಲೆ ಕೆರೆದುಕೊಳ್ಳುತ್ತಾನೆ. ಹಿಂಬಾಗಿಲಿನಿಂದ ಗುಡ್ಡದ ನೆತ್ತಿಯ ಹಳೇ ಕಾವಲುಗೂಡಿನವರೆಗೆ ಒಂದು ಕಾಲುದಾರಿಯಿದೆ. ಅದರ ಎರಡೂ ಬದಿಯ ಕಲ್ಲುಗಳಿಗೆ ಸುಣ್ಣ ಬಳಿಯುವುದು ಅವನ ಕೆಲಸ. ಇಪ್ಪತ್ತಾರು ವರ್ಷದಿಂದ ಅದೊಂದೇ.

ಯುದ್ಧ ಮುಗಿದು ಎಷ್ಟೋ ಕಾಲದ ಮೇಲೆ ನೆಲಬಾಂಬ್ ತೆಗೆಯುವ ಪಡೆಯವರು ಬಂದು, ಮೊಣಕಾಲೂರಿ, ಈ ಒಂದು ದಾರಿಯನ್ನಷ್ಟೇ ಅಂಗುಲ ಅಂಗುಲವಾಗಿ ಶೋಧಿಸಿ ಹೋಗಿದ್ದರು. ಬಂಡೆ, ಬೇರು, ಸಲಾಕೆ ಇಳಿಯದ ಗಟ್ಟಿ ನೆಲ ಎದುರಾದಲ್ಲೆಲ್ಲ ಸುತ್ತು ಹಾಕಿಕೊಂಡು ಹೋದರು. ಹಾಗಾಗಿ ದಾರಿಗೆ ಹನ್ನೊಂದು ಸೊಟ್ಟ ತಿರುವು. ಅವರ ಬೆನ್ನ ಹಿಂದೆ ಸುಣ್ಣದ ಬಕೆಟ್ ಹಿಡಿದು ನಡೆದವನು ಇವನು. ಅವರು ಬರೆದ ನಕ್ಷೆ ಯಾವ ಕಚೇರಿಯ ಯಾವ ಬೀರುವಿನಲ್ಲಿ ಧೂಳು ತಿನ್ನುತ್ತಿದೆಯೋ ಯಾರಿಗೂ ಗೊತ್ತಿಲ್ಲ. ಬಾಗಿಲ ಪಕ್ಕದ ಬೋರ್ಡಿನಲ್ಲಿ ಮಾತ್ರ 'ಗುಡ್ಡ ಈಗ ಸುರಕ್ಷಿತ' ಎಂದು ದೊಡ್ಡದಾಗಿ ಬರೆದಿದೆ.

ಕೆಲಸ ಅವನ ಮೈಗೆ ಅಂಟಿಬಿಟ್ಟಿತ್ತು. ಪೇಟೆಯ ಪಾರ್ಕಿನಲ್ಲೂ ಹುಲ್ಲಿನ ಮೇಲೆ ಕಾಲಿಡುತ್ತಿರಲಿಲ್ಲ. "ಇವರ ಜೊತೆ ಪಾರ್ಕಿಗೆ ಹೋದ್ರೆ ಸಿಮೆಂಟ್ ನೋಡ್ಕೊಂಡು ಬರ್ಬೇಕು ಅಷ್ಟೆ," ಎಂದು ಹೆಂಡತಿ ಬಂದವರ ಮುಂದೆಲ್ಲ ಗೇಲಿ ಮಾಡುತ್ತಿದ್ದಳು. ಅವನು ನಕ್ಕು ಸುಮ್ಮನಾಗುತ್ತಿದ್ದ. ಬಾಂಬಿನ ಮಾತು ಮನೆಯೊಳಗೆ ಬರಕೂಡದೆಂದು ಅವನ ಹಟ. ಒಬ್ಬಳೇ ಮಗಳಿಗೂ ಹೇಳಿದ್ದು ಇಷ್ಟೇ: ಕಲ್ಲು ದಾಟಬೇಡ.

ಆ ಮಗಳು ಮಹಾ ಮಾತುಗಾತಿ. ಮ್ಯೂಸಿಯಂನ ಮುಖ್ಯಸ್ಥೆಯಾಗಿ ಹೊಸ ಮೇಡಂ ಬಂದಾಗ ಅಜ್ಜ ಅವರ ಹಿಂದೆ ಮುಂದೆ ಸುತ್ತಿ, ಕೈಕಾಲು ಹಿಡಿದು, ಅವಳಿಗೆ ಗೈಡ್ ಕೆಲಸ ಕೊಡಿಸಿದ್ದ. ಆರು ತಿಂಗಳು ತಾತ್ಕಾಲಿಕ. ಆಮೇಲೆ ಮೇಡಂ ಸಹಿ ಹಾಕಿದರೆ ಕಾಯಂ.

ಮೇಡಂ ಕೆಟ್ಟವರೇನಲ್ಲ. ಅವರು ಬಂದ ಮೇಲೆ ಗಾಜಿನ ಪೆಟ್ಟಿಗೆಗಳು ಹೊಳೆದವು, ತೂತು ಬಿದ್ದ ಹೆಲ್ಮೆಟ್ಟಿನ ಮೇಲೆ ಪುಟ್ಟ ದೀಪ ಬಂತು, ಗುಂಡಿ ಒತ್ತಿದರೆ ಫಿರಂಗಿ ಸದ್ದು ಕೇಳುವ ಕೋಣೆಯೂ ಬಂತು. ಅಚ್ಚುಕಟ್ಟು ಎಂದರೆ ಅವರಿಗೆ ಪ್ರಾಣ. ಒಂದು ದಿನ ಅಜ್ಜನನ್ನು ಕೋಣೆಗೆ ಕರೆಸಿ, ಕಿಟಕಿಯಾಚೆ ಬೆರಳು ತೋರಿಸಿದರು.

"ಅಜ್ಜ, ಈ ದಾರಿ ಯಾಕೆ ಕುಡುಕ ನಡೆದ ಹಾಗಿದೆ? ಹಿಂದಿನವರಿಗೆ ಮುಂದಿನವರು ಕಾಣೋದೇ ಇಲ್ಲ. ಕಲ್ಲೆಲ್ಲ ಜರುಗಿಸಿ ನೆಟ್ಟಗೆ ಮಾಡಿಸಿಬಿಡ್ಲಾ? ನಿಮ್ಮದೇನೂ ಅಭ್ಯಂತರ ಇಲ್ಲ ತಾನೆ?"

ಮಾತು ಅಜ್ಜನ ನಾಲಿಗೆ ತುದಿಗೆ ಬಂದಿತ್ತು. ಆದರೆ ಮೇಜಿನ ಮೇಲೆ ಮಗಳ ಕಾಯಂ ಕಾಗದವಿತ್ತು. ಮೇಡಂ ಎದುರು ಮಾತನ್ನು ಸಹಿಸುವವರಲ್ಲ. ಇವತ್ತೊಂದು ದಿನ ಸುಮ್ಮನಿದ್ದರಾಯಿತು ಎಂದುಕೊಂಡು, "ಏನಿಲ್ಲ ಮೇಡಂ, ನಿಮ್ಮಿಷ್ಟ," ಎಂದುಬಿಟ್ಟ. ಇಷ್ಟು ಕಲ್ಲು ಯಾರು ಹೊರುತ್ತಾರೆ, ಬಾಯಿಮಾತಿಗೆ ಹೇಳಿದ್ದಾರೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಮರುದಿನ ಕಣ್ಣಿನ ಪೊರೆ ತೆಗೆಸಲು ಆಸ್ಪತ್ರೆ ಸೇರಿದ.

ನಾಲ್ಕನೇ ದಿನ ಬೆಳಿಗ್ಗೆ, ಕಪ್ಪು ಕನ್ನಡಕ ಹಾಕಿಕೊಂಡು ಆಸ್ಪತ್ರೆಯಿಂದ ಸೀದಾ ಮ್ಯೂಸಿಯಂಗೆ ಬಂದ. ಹಿಂಬಾಗಿಲು ತೆರೆದಿತ್ತು. ವರ್ಷಗಳಿಂದ ಮಂಜಾಗಿದ್ದ ಗುಡ್ಡ ಅವನಿಗೆ ಈಗ ನಿಚ್ಚಳವಾಗಿ ಕಂಡಿತು. ಬಿಳಿ ಕಲ್ಲುಗಳ ಎರಡು ಸಾಲು ದಾರ ಹಿಡಿದು ಎಳೆದಂತೆ ನೇರವಾಗಿ ಮೇಲಕ್ಕೆ ಹೋಗಿದ್ದವು.

ಹಿಂದಿನ ದಿನವಷ್ಟೇ ಕೂಲಿಯವರು ಕೆಲಸ ಮುಗಿಸಿದ್ದರು. ಅವರು ಜೀವಂತ ಮನೆಗೆ ಹೋದದ್ದೇ ಪುಣ್ಯ. ಆಮೇಲೆ ಮಳೆಯೂ ಬಂದು ನೆಲ ಮೆತ್ತಗಾಗಿತ್ತು. ಈಗ ಆ ಸಾಲುಗಳ ನಡುವೆ ಒಂಬತ್ತು ಜನ ಪ್ರವಾಸಿಗರು. ಅವರ ಮುಂದೆ, ಅವರತ್ತ ಮುಖ ಮಾಡಿ, ಕೈಯಾಡಿಸಿ ಮಾತಾಡುತ್ತ ಹಿಮ್ಮುಖವಾಗಿ ಹೆಜ್ಜೆಯಿಡುತ್ತಿದ್ದಳು ಮಗಳು. ನಾಲ್ಕನೇ ತಿರುವು ಇದ್ದ ಜಾಗವನ್ನು ದಾಟಿ, ಸತ್ತ ಸೈನಿಕರ ಕಥೆ ಹೇಳುತ್ತಿದ್ದಳು.

ಬಾಂಬ್ ಎಂದು ಕೂಗಿದರೆ ಜನ ದಿಕ್ಕಾಪಾಲಾಗಿ ಓಡುತ್ತಾರೆ. ಅಜ್ಜ ಹೊಸ್ತಿಲಲ್ಲೇ ನಿಂತು ಕೂಗಿ ಹೇಳಿದ.

"ಮಗಳೇ, ನಿಂತಲ್ಲೇ ನಿಲ್ಲು. ಒಂದು ಹೆಜ್ಜೆನೂ ಇಡಬೇಡ." ಆಮೇಲೆ ಎಲ್ಲರಿಗೂ ಹೇಳಿದ: "ಮುಂದೆ ದಾರಿ ಕೆಟ್ಟಿದೆ. ಮೆಲ್ಲಗೆ ತಿರುಗಿ, ನೀವು ಬಂದ ಹೆಜ್ಜೆ ಮೇಲೇ ಹೆಜ್ಜೆ ಇಟ್ಕೊಂಡು, ಒಬ್ಬೊಬ್ಬರಾಗಿ ಬನ್ನಿ."

"ಈ ಆಟ ಟಿಕೆಟ್ಟಲ್ಲೇ ಸೇರಿದ್ಯಾ, ಅಜ್ಜ?" ಎಂದ ಒಬ್ಬ ದಪ್ಪ ಮನುಷ್ಯ.

"ಸೇರಿದೆ ಸ್ವಾಮಿ, ಬನ್ನಿ," ಎಂದು ಅಜ್ಜ ನಕ್ಕ. ಅಷ್ಟು ಕಷ್ಟಪಟ್ಟು ಅವನು ಜನ್ಮದಲ್ಲಿ ನಕ್ಕಿರಲಿಲ್ಲ.

ಒಬ್ಬೊಬ್ಬರಾಗಿ ಒಂಬತ್ತು ಜನ ಬಾಗಿಲು ಸೇರಿದರು. ಎಲ್ಲರಿಗಿಂತ ಮುಂದಿದ್ದ ಮಗಳು ಈಗ ಕೊನೆಯವಳು. ಕಾಲಡಿಯಲ್ಲಿ ಅಪಾಯವಿದೆಯೆಂದು ಅಪ್ಪನ ಮುಖ ನೋಡಿ ಅವಳಿಗೆ ಅರ್ಥವಾಗಿತ್ತು. ಒಂದೊಂದು ಗುರುತನ್ನೂ ಬಗ್ಗಿ ಹುಡುಕಿ ಕಾಲಿಡುತ್ತ ಬಂದಳು. ನಡುವೆ ಒಮ್ಮೆ ಓಲಾಡಿ, ಒಂಟಿ ಕಾಲಲ್ಲಿ ನಿಂತು, ಸುಧಾರಿಸಿಕೊಂಡಳು. ಹೊಸ್ತಿಲು ದಾಟಿದವಳೇ ಮೆಟ್ಟಿಲ ಮೇಲೆ ಕೂತುಬಿಟ್ಟಳು.

ಮಧ್ಯಾಹ್ನ ನೆಲಬಾಂಬ್ ಪಡೆಯವರು ಬಂದರು. ಸಂಜೆಯ ಹೊತ್ತಿಗೆ, ನಾಲ್ಕನೇ ತಿರುವು ಇದ್ದ ಜಾಗದಾಚೆ, ಹೊಸ ಸಾಲುಗಳ ನಡುವೆ ಒಂದು ಬಾಂಬ್ ಸಿಕ್ಕಿತು. ಅದರ ಅಂಚಿನ ಮಣ್ಣಿನಲ್ಲಿ ಹೆಣ್ಣುಮಗಳೊಬ್ಬಳ ಚಪ್ಪಲಿಯ ಹಿಮ್ಮಡಿ ಅರ್ಧ ಒತ್ತಿತ್ತು. "ಇನ್ನೆರಡು ಬೆರಳು ಆಚೆ ಇಟ್ಟಿದ್ರೆ ಮುಗೀತಿತ್ತು," ಎಂದ ಪಡೆಯವನು.

ಅಜ್ಜ ಮಗಳು ಕೂತಿದ್ದ ಮೆಟ್ಟಿಲ ಬಳಿಗೆ ಬಂದು, ನೆಲದ ಮೇಲೆ ಕೂತು, ಮಗಳ ಕಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅತ್ತ. ಅವಳು ಅವನ ತಲೆ ಸವರಿದಳು.

"ಕಲ್ಲು ಜರುಗಿಸಿದ್ದು ನೋಡಿ ನಂಗೂ ಅನುಮಾನ ಬಂತಪ್ಪ. ಹೋಗಲ್ಲ ಅಂತ ಹಟ ಹಿಡಿದೆ. ನಿನ್ನನ್ನ ಕೇಳಿಯೇ ಮಾಡಿಸಿದ್ದು ಅಂದ್ರು ಮೇಡಂ. ಅದಕ್ಕೇ ಧೈರ್ಯವಾಗಿ ಹೋದೆ. ಸುಳ್ಳು ಹೇಳಿದ್ರು ಅಲ್ವಾ?"

ಮೇಡಂ ಅಲ್ಲೇ ಗೋಡೆ ಪಕ್ಕ ನಿಂತಿದ್ದರು. ಸುಳ್ಳು ಎಂದರೆ ನಂಬಲು ಮಗಳು ತಯಾರಿದ್ದಳು.

"ಇಲ್ಲಮ್ಮ," ಎಂದ ಅಜ್ಜ. "ನನ್ನ ಕೇಳಿದ್ರು. ನಾನೇ ಹೂಂ ಅಂದೆ."

ಅವನ ತಲೆಯ ಮೇಲಿದ್ದ ಕೈ ನಿಂತಿತು. ಮಗಳು ತನ್ನ ಕಾಲನ್ನು ಅವನ ಹಿಡಿತದಿಂದ ಮೆಲ್ಲಗೆ ಬಿಡಿಸಿಕೊಂಡಳು.