ಗೋಡೆ ಬರೆಯುವ ಮುಂಚಿನ ಪ್ರಶ್ನೆ

ಹಿರಿಯೂರಿನ ಓಬಳೇಶ್ ಹತ್ತೊಂಬತ್ತು ವರ್ಷ ಅಂಗಡಿಗಳ ಜಾಹೀರಾತನ್ನು ಗೋಡೆ ಮೇಲೆ ಬರೆದವನು. ಬರೆಸಲು ಬಂದವರಿಗೆ ಅವನ ಮೊದಲ ಪ್ರಶ್ನೆ ಬಣ್ಣದ್ದಲ್ಲ. "ಯಾರಿಗೆ ಮಾರ್ತೀರಿ? ಅವ್ರು ಯಾವ ಬಸ್ಸಿಗೆ ಬರ್ತಾರೆ?" ಗೊತ್ತಿಲ್ಲ ಎಂದರೆ ತಾನೇ ಅಂಗಡಿ ಮುಂದೆ ಒಂದು ದಿನ ಕೂತು ನೋಡುತ್ತಿದ್ದ. ಆಮೇಲೆ ಸುಣ್ಣ, ಆಮೇಲೆ ಕುಂಚ. ಫ್ಲೆಕ್ಸ್ ಬಂದು ಗೋಡೆ ಕೇಳುವವರಿಲ್ಲವಾದಾಗ ಮೊಬೈಲ್ ಜಾಹೀರಾತು ಕಲಿತ. ಕಲಿಯುವ ಭರದಲ್ಲಿ ಆ ಪ್ರಶ್ನೆ ಮರೆತ. ಮರೆತದ್ದಾದರೂ ಯಾರ ವಿಷಯದಲ್ಲಿ? ಸ್ವಂತ ತಂಗಿಯ ವಿಷಯದಲ್ಲಿ.

ತಂಗಿ ಹೇಮಾವತಿಯದು ಶ್ರೀರಾಂಪುರದಲ್ಲಿ ಮೋಟಾರು ಕೂಡಿಸಿದ ಮರದ ಗಾಣ. ಗಂಡ ಹೋದ ಮೇಲೆ ಅವಳ ಬದುಕೆಲ್ಲ ಅದೇ. ಎರಡು ವರ್ಷದಿಂದ ಗಿರಾಕಿ ಕಡಿಮೆಯಾಗಿ, ಸಂಕ್ರಾಂತಿವರೆಗೆ ನೋಡುತ್ತೇನೆ, ಆಗದಿದ್ದರೆ ಗಾಣ ನಿಮಗೇ ಎಂದು ಮರದ ವ್ಯಾಪಾರಿ ಕಾಟಯ್ಯನಿಗೆ ಹೇಳಿದ್ದಳು. ಸುದ್ದಿ ಕೇಳಿ ಓಬಳೇಶ್ ದೀಪಾವಳಿಗೇ ಬಂದಿಳಿದ. "ನಾನಿದೀನಿ, ಸುಮ್ನಿರು" ಎಂದ.

ರೀಲ್ಸ್ ಮಾಡಿದ, ಪೇಜ್ ತೆರೆದ, ಬಾಗಿಲಿಗೆ ಹೊಳೆಯುವ ಬಾಟಲಿಗಳ ಫ್ಲೆಕ್ಸ್ ಕಟ್ಟಿದ. ಗಾಣ ತಿರುಗುವುದನ್ನು ದುಬೈನಲ್ಲಿ ಕೂತವರೂ ನೋಡಿ ಮೆಚ್ಚಿದರು. ಎಣ್ಣೆ ಕೊಂಡವರು ಯಾರೂ ಇಲ್ಲ. ಸಾಲದ್ದಕ್ಕೆ ಬರುತ್ತಿದ್ದ ನಾಲ್ಕು ಜನವೂ ಬರುವುದು ನಿಲ್ಲಿಸಿದರು. ಪುಣ್ಯಾತ್ಮ ಇನ್ನೊಂದು ರೀಲ್ಸಿಗೆ ಹಾಡು ಹುಡುಕುತ್ತಿದ್ದ.

ಹೇಮಾವತಿಗೆ ರೇಗಿತು. "ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಯಾಕೆ ಕುಂತೀಯಲ್ಲಣ್ಣ! ಊರೋರ್ಗೆಲ್ಲ ಯಾರಿಗೆ ಮಾರ್ತೀರಿ ಅಂತಿದ್ದೆ. ನನ್ನ ಒಂದಿನ ಕೇಳಿದ್ಯಾ?"

ಅವನಿಗೆ ನಿಜಕ್ಕೂ ನಾಚಿಕೆಯಾಯಿತು. ಮರುದಿನ ಫೋನು ಒಳಗಿಟ್ಟು ಎದುರಿನ ಕಟ್ಟೆ ಮೇಲೆ ಕೂತ. ಹನ್ನೊಂದರ ಬಸ್ಸಿನಿಂದ ಪಾಲಮ್ಮ ಎಂಬ ಮುದುಕಿ ಶೇಂಗಾಬೀಜದ ಚೀಲ ಹೊತ್ತು ಇಳಿದಳು. ಫ್ಲೆಕ್ಸ್ ನೋಡಿ ಹಾಗೇ ತಿರುಗಿದಳು.

"ಯಾಕವ್ವ, ವಾಪಸ್ ಹೊಂಟ್ರಿ?"

"ಇಲ್ಲೀಗ ಬಾಟ್ಲಿ ಎಣ್ಣೆ ಮಾರ್ತಾರಂತಲ್ಲಪ್ಪ. ನಮ್ಮ ಬೀಜ ಯಾರು ಆಡ್ಸಿಕೊಡ್ತಾರೆ? ನಮ್ಗೆ ಎಣ್ಣೆ ಕಣ್ಮುಂದೆ ಇಳೀಬೇಕು, ಹಿಂಡಿ ಎಮ್ಮೆಗೆ ಬೇಕು. ಮೊದ್ಲು ಕರೆಂಟಿಲ್ದೆ ವಾಪಸ್ ಹೋಗ್ತಿದ್ವಿ, ಈಗ ಇದು ಬೇರೆ!"

ಓಬಳೇಶ್ ಚೀಲ ಇಸಿದುಕೊಂಡು ಒಳಗೆ ಕರೆತಂದ. ಫ್ಲೆಕ್ಸ್ ಬಿಚ್ಚಿ ಹಿಂಡಿಯ ಮೇಲೆ ಹೊದಿಸಿದ. ಸಂಜೆ ಅಣ್ಣ ತಂಗಿ ಕೂತು ಮೊದಲು ಒಂದೇ ಮಾತು ಗಟ್ಟಿ ಮಾಡಿದರು: ಈ ಗಾಣ ಸ್ವಂತ ಬೀಜ ತರುವವರದು, ಒಂದು ಬಸ್ಸಿನ ದೂರದವರದು. ಬಾಟಲಿ ಬೇಡ. ಹಾಗಾದರೆ ಅವರಿಗೆ ಬೇಕಾದ್ದೇನು? ಬಂದ ದಿನವೇ ಕೆಲಸ ಆಗಬೇಕು. ಸೋಮವಾರ ಒಂದು ಊರು, ಮಂಗಳವಾರ ಇನ್ನೊಂದು, ಹೀಗೆ ಊರಿಗೊಂದು ವಾರ ಗೊತ್ತು ಮಾಡಿದರು. ಫೋನು ಹೊರಬಂದದ್ದು ಆಮೇಲೆ. ದಿನಾ ಬೆಳಿಗ್ಗೆ ಆ ದಿನದ ಊರಿನವರ ಮೊಬೈಲಿಗಷ್ಟೇ ಹೇಮಾವತಿಯ ದನಿ ಹೋಗುತ್ತಿತ್ತು: "ಇವತ್ತು ಹತ್ತರಿಂದ ಕರೆಂಟ್ ಐತೆ, ಬರ್ರಿ." ಬಸ್ಸಿನ ಕಿಟಕಿಗೆ ಕಾಣುವ ಗೋಡೆ ಮೇಲೆ ಓಬಳೇಶ್ ಹಳೇ ಕುಂಚದಿಂದ ಬರೆದ: ನಿಮ್ಮ ಬೀಜ, ನಿಮ್ಮ ಕಣ್ಣೆದುರು. ಹಿಂಡಿಯೂ ನಿಮ್ಮದೇ.

ಸಂಕ್ರಾಂತಿ ಕಳೆದ ಮೂರನೇ ದಿನ ಕಾಟಯ್ಯ ಟ್ರ್ಯಾಕ್ಟರ್ ತಂದ. ಅಂಗಳದ ತುಂಬ ಚೀಲ, ಚೀಲಕ್ಕೊಬ್ಬಳು ಹೆಂಗಸು.

"ಏನಕ್ಕ, ಮರ ಬಿಚ್ಚಾಣ?"

ಹೇಮಾವತಿ ಗಾಣದಿಂದ ಕಣ್ಣೆತ್ತಲಿಲ್ಲ. "ಬೀಜ ತಂದಿದ್ರೆ ಪಾಳಿಗೆ ಕುಂತ್ಕಳ್ರಿ. ಇಲ್ದಿದ್ರೆ ಟ್ರ್ಯಾಕ್ಟರ್ ತೆಗೀರಿ, ದಾರಿಗೆ ಅಡ್ಡ ಐತೆ."

ಕಾಟಯ್ಯ ಚೀಲಗಳನ್ನು ನೋಡಿದ, ಗೋಡೆ ಓದಿದ, ಟ್ರ್ಯಾಕ್ಟರ್ ಹತ್ತಿದ. ಹತ್ತಿದವನು ಅಲ್ಲಿಂದಲೇ ಕೇಳಿದ: "ನಮ್ಮೂರಿಗೆ ಯಾವ ವಾರ ಇಟ್ಟೀಯಕ್ಕ?"